ಎಂಟಂಕಿಯ ಸವತಿ

೬ ಡಿಸೆಂಬರ್ ೧೯೯೮

ಈ ಡೈರಿ ಗೊಬ್ಬರದ ಅಂಗಡಿಯವರು ಇವರಿಗೆ ಕೊಟ್ಟದ್ದು. ವರ್ಷ ಮುಗಿಯುತ್ತ ಬಂದರೂ ಒಂದು ಗೆರೆ ಬಿದ್ದಿಲ್ಲ. ಇವರಿಗೆ ಬರೆಯಲು ಬೇರೆ ಹಾಳೆಗಳಿದ್ದವಲ್ಲ. ಇನ್ನು ನಾನು ಬರೆಯುತ್ತೇನೆ. ಗೋಡೆಯ ಜೊತೆ ಮಾತಾಡಿದರೆ ಓಣಿಯವರು ಗಂಗಾಂಬಿಕಾಗೆ ತಲೆ ಕೆಟ್ಟಿತು ಎನ್ನುತ್ತಾರೆ. ಹಾಳೆಯ ಜೊತೆ ಮಾತಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಇವರನ್ನು ಯಾರಾದರೂ ಅಂದಿದ್ದರೇ?

ಹೋದ ತಿಂಗಳು ಉಜ್ಜಿನಿಯ ಹೈಸ್ಕೂಲಿನಿಂದ ಮರಳುವ ಬಸ್ಸಿನಲ್ಲಿ ಇವರು ಕಿಟಕಿಗೆ ತಲೆ ಆನಿಸಿ ಕೂತವರು ಹಾಗೆಯೇ ಹೋಗಿಬಿಟ್ಟರು. ಕೊಟ್ಟೂರಿನ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಮೇಷ್ಟ್ರಿಗೆ ನಿದ್ದೆ ಹತ್ತಿದೆ ಎಂದು ಕಂಡಕ್ಟರ್ ಭುಜ ತಟ್ಟಿದನಂತೆ. ನಾನು ಮನೆಯಲ್ಲಿ ಚಹಾಕ್ಕೆ ಇಟ್ಟು ಕಾಯುತ್ತಿದ್ದೆ. ಅಂದಿನಿಂದ ಇಂದಿನವರೆಗೆ ನನಗೆ ಅಳು ಬಂದಿಲ್ಲ. ಬಂದವರೆಲ್ಲ ಅತ್ತು ಹೋದರು. ನನಗೆ ಬರುವುದು ಸಿಟ್ಟು.

ತಮ್ಮ ಪಾಲಣ್ಣ ನಿನ್ನೆ ತನ್ನ ಊರು ತೆಲಿಗಿಗೆ ಹೋದ. ಯುಗಾದಿ ಹೊತ್ತಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾನಂತೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು ಏನು ಮಾಡುತ್ತೀ ಎಂದು ಕೇಳಿದ. ನಾನು ಎದ್ದು ಅವನ ಬುತ್ತಿ ಕಟ್ಟಿದೆ.

೧೧ ಡಿಸೆಂಬರ್

ಮೂಲೆಯ ಟ್ರಂಕು ತೆಗೆದೆ. ಅದರ ತುಂಬ ಅವಳೇ. ೭೩೯೩೯೧೩೩. ಪ್ರತಿ ಹಾಳೆಯಲ್ಲೂ ಅವಳು, ಅವಳ ಕೆಳಗೆ ಉದ್ದದ ಭಾಗಾಕಾರ, ಕೊನೆಗೊಂದು ಶೇಷ, ಶೇಷದ ಸುತ್ತ ಕೆಂಪು ಮಸಿಯ ಸುತ್ತು.

ಇವಳು ಬಂದದ್ದು ನಮಗೆ ಮಕ್ಕಳಾಗುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿದ ವರ್ಷ. ನಾನು ಅಡುಗೆ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಇವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಭಾಗಿಸಲು ಶುರು ಮಾಡಿದರು. ಆಮೇಲೆ ದಿನಾ ಅದೇ. ಶಾಲೆಯಿಂದ ಬರುವುದು, ಚಹಾ ಕುಡಿಯುವುದು, ಅವಳ ಮುಂದೆ ಕೂರುವುದು. "ಹೋಗ್ರಿ, ನಿಮ್ಮ ಎಂಟಂಕಿಯಾಕಿ ಕಾಯಾಕ್ಹತ್ಯಾಳ" ಅನ್ನುತ್ತಿದ್ದೆ. ಇವರು ನಗುತ್ತಿದ್ದರು. ಒಂದು ಸಲ ಕೂಡ ಅಲ್ಲ ಎನ್ನಲಿಲ್ಲ. ಸವತಿ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳಾಡಬಹುದಿತ್ತು.

೧೪ ಡಿಸೆಂಬರ್

ಓಣಿಯ ತುದಿಯಲ್ಲಿ ಮಿರ್ಚಿ ಮಂಡಕ್ಕಿ ಬಂಡಿ ಇಟ್ಟಿರುವ ಮುಮ್ತಾಜ್ ಬೇಗಂ ಪೊಟ್ಟಣ ಕಟ್ಟಲು ಹಳೆಯ ಪೇಪರು ಕೇಳಲು ಬಂದಿದ್ದಳು. ಪೇಪರು ಇರಲಿಲ್ಲ. ಟ್ರಂಕಿನ ತಳದಿಂದ ಒಂದು ಕಟ್ಟು ಎಳೆದು ಕೊಟ್ಟುಬಿಟ್ಟೆ.

"ಇದು ಮೇಷ್ಟ್ರ ಅಕ್ಷರ ಅಲ್ರೀ ಅಕ್ಕಾ?"

"ಮೇಷ್ಟ್ರ ಇಲ್ಲ, ಅಕ್ಷರ ಇಟ್ಕೊಂಡು ಏನ್ ಮಾಡ್ಲಿ? ಒಯ್ಯಿ."

ಬಹಳ ದಿನಕ್ಕೆ ಹೊಟ್ಟೆ ತುಂಬ ಉಂಡೆ.

೨೦ ಡಿಸೆಂಬರ್

ಅರುಣಕುಮಾರ ಬಂದಿದ್ದ. ಇವರ ಜೊತೆ ಉಜ್ಜಿನಿ ಶಾಲೆಯಲ್ಲಿ ವಿಜ್ಞಾನ ಹೇಳುವ ಹೊಸ ಮೇಷ್ಟ್ರು. ದಿನಾ ಇವರ ಪಕ್ಕದ ಸೀಟಿನಲ್ಲೇ ಹೋಗಿ ಬರುತ್ತಿದ್ದವನು. ಇವರು ಹೋದ ದಿನ ರಜೆಯ ಮೇಲಿದ್ದ. ಅದೊಂದನ್ನೇ ನೆನೆದು ಹುಡುಗ ಅರ್ಧವಾಗಿದ್ದಾನೆ.

ಹಾಳೆಗಳನ್ನು ನೋಡಬೇಕು ಎಂದ. ಟ್ರಂಕು ತೋರಿಸಿದೆ. ಅವನು ಸೀಮೆಸುಣ್ಣ ತೆಗೆದು ಪಡಸಾಲೆಯ ನೆಲದ ಮೇಲೆ ಅವಳನ್ನು ಬರೆದ. ಬಲಗಡೆಯಿಂದ ಒಂದೊಂದೇ ಅಂಕಿ ಒರೆಸುತ್ತ ಹೋದ. ೭೩೯೩೯೧೩. ೭೩೯೩೯೧. ೭೩೯೩೯. ೭೩೯೩. ೭೩೯. ೭೩. ಕೊನೆಗೆ ೭.

"ನೋಡ್ರಿ ಅಕ್ಕಾರ, ಬಾಲ ಎಷ್ಟು ಸಲ ಕತ್ತರಿಸಿದ್ರೂ ಉಳಿದದ್ದು ಅವಿಭಾಜ್ಯನ. ಒಂದು ಮತ್ತು ತಾನು ಬಿಟ್ರ ಬ್ಯಾರೆ ಯಾವ ಸಂಖ್ಯಿನೂ ಅದನ್ನ ಸರಿಯಾಗಿ ಭಾಗಿಸಂಗಿಲ್ಲ. ಇಂಥವು ಇನ್ನೂ ಕೆಲವು ಅದಾವ. ಆದ್ರ ಎಲ್ಲಕ್ಕಿಂತ ದೊಡ್ಡದು ಇದು. ಪುಸ್ತಕದಾಗ ಐತಿ."

"ಪುಸ್ತಕದಾಂವ ಭಾಗಿಸಿ ನೋಡ್ಯಾನೇನು?" ಎಂದು ಕೇಳಿದೆ. ಅಚ್ಚಾದದ್ದನ್ನೆಲ್ಲ ನಂಬುವ ಹೆಂಗಸು ನಾನಲ್ಲ.

ಅವನು ನನ್ನನ್ನೇ ಒಂದು ಥರ ನೋಡಿದ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಆಮೇಲೆ ಲೆಕ್ಕ ತಿಳಿಸಿದ. ಇದು ನಿಜಕ್ಕೂ ಅವಿಭಾಜ್ಯವೋ ಅಲ್ಲವೋ ನೋಡಲು ಚಿಕ್ಕ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಎರಡು, ಮೂರು, ಐದು, ಏಳು, ಹೀಗೆ ೮೫೯೭ರವರೆಗೆ. ಅದರ ಮುಂದಿನದು ೮೫೯೯. ಅದನ್ನು ಅದರಿಂದಲೇ ಗುಣಿಸಿದರೆ ನಮ್ಮದನ್ನು ದಾಟಿ ಹೋಗುವುದರಿಂದ ಅಲ್ಲಿಗೆ ನಿಲ್ಲಿಸಬಹುದು. ಸಾವಿರಕ್ಕೂ ಹೆಚ್ಚು ಭಾಗಾಕಾರ. ಎಲ್ಲಾದರೂ ಒಂದು ಕಡೆ ಶೇಷ ಸೊನ್ನೆ ಬಂದರೆ ಮುಗಿಯಿತು, ಸಂಖ್ಯೆ ಒಡೆಯಿತು. ಇವರು ೮೫೪೩ರವರೆಗೆ ಮುಗಿಸಿದ್ದರು. ಉಳಿದದ್ದು ನಾಲ್ಕೇ ನಾಲ್ಕು.

ಅವನು ಹಾಳೆಗಳನ್ನು ಕ್ರಮವಾಗಿ ಜೋಡಿಸತೊಡಗಿದ. ೩೦೦ರ ಹತ್ತಿರ ಬಂದು ಕೈ ನಿಂತಿತು. "ಇಲ್ಲಿಂದ ಏಳುನೂರರ ತನಕ ಹಾಳಿನ ಇಲ್ಲಲ್ರಿ?"

ಮಂಡಕ್ಕಿ ಪೊಟ್ಟಣಕ್ಕೆ ಕೊಟ್ಟೆ ಎನ್ನಲು ನಾಲಿಗೆ ಹೊರಳಲಿಲ್ಲ. ಇಲಿ ತಿಂದಿರಬೇಕು ಎಂದೆ.

೨೧ ಡಿಸೆಂಬರ್

ಮುಮ್ತಾಜಳ ಬಂಡಿಗೆ ಓಡಿದೆ. ಎಣ್ಣೆ ಕಾಯುತ್ತಿತ್ತು, ಅವಳು ಮೆಣಸಿನಕಾಯಿ ಸೀಳುತ್ತಿದ್ದಳು.

"ಅವು ಎಲ್ಲಾ ಅವತ್ತಿನ ಸಂತಿಗೇ ಹೋದ್ವಲ್ರೀ ಅಕ್ಕಾ" ಎಂದಳು. ನನ್ನ ಮುಖ ನೋಡಿ ಚಾಕು ಕೆಳಗಿಟ್ಟಳು. "ಬೇಕಾಗಿದ್ವೇನ್ರಿ?"

ಅವಳದೇನು ತಪ್ಪು? ಕೈಯಾರೆ ಎತ್ತಿ ಕೊಟ್ಟವಳು ನಾನು. ಊರ ಮಂದಿ ಇವರ ಭಾಗಾಕಾರದಲ್ಲಿ ಮಿರ್ಚಿಯ ಎಣ್ಣೆ ಒರೆಸಿ ಎಸೆದರು. ಆ ಹಾಳೆಗಳನ್ನು ಇವರು ಬರೆದದ್ದು ಮೊದಲ ವರ್ಷ, ನಾನು ಗೋಡೆಗೆ ಮುಖ ಮಾಡಿ ಮಲಗಿದ್ದಾಗ.

೨೩ ಡಿಸೆಂಬರ್

ಅರುಣಕುಮಾರ ಕ್ಯಾಲ್ಕುಲೇಟರ್ ಹಿಡಿದುಕೊಂಡು ಬಂದ. "ಎಂಟು ಅಂಕಿದು ಐತ್ರಿ. ನಮ್ಮ ಸಂಖ್ಯಿ ಈ ಕಡಿಂದ ಆ ಕಡಿತನಕ ಸರಿಯಾಗಿ ಹಿಡಿತೈತಿ. ಹೋದ ಹಾಳಿ, ಉಳಿದ ನಾಲ್ಕು, ಎಲ್ಲಾ ಇವತ್ತ ಮುಗಿಸ್ತೀನಿ."

"ಬ್ಯಾಡ."

"ಯಾಕ್ರಿ ಅಕ್ಕಾರ?"

"ಅವರು ಕೈಲೆ ಮಾಡ್ಯಾರ. ನಾನೂ ಕೈಲೆ ಮಾಡ್ತೀನಿ."

ಅಂದದ್ದೇನೋ ಅಂದುಬಿಟ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಪಾಸಾಗಲು ಅಜ್ಜಿ ಹರಕೆ ಹೊತ್ತಿದ್ದಳು. ಸಂಜೆ ೩೦೭ರಿಂದ ಭಾಗಿಸಲು ಕೂತೆ. ಎಷ್ಟು ಸಲ ಹೊಡೆದು ಹಾಕಿದೆನೋ. ಕೊನೆಗೆ ಶೇಷ ೨೫ ಬಂತು. ಗುಣಿಸಿ ಕೂಡಿಸಿ ತಾಳೆ ನೋಡಿದೆ, ಸರಿ ಇತ್ತು. ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ.

ಯುಗಾದಿಗೆ ಮುಂಚೆ ಮುಗಿಸಬೇಕು. ತೆಲಿಗಿಗೆ ಹೋದ ಮೇಲೆ ಆ ಮನೆಯ ಗದ್ದಲದಲ್ಲಿ ಆಗದು. ಹರಿದ ಸಂಸಾರದ ಹಾಗೆ ನಡುವೆ ತೂತಿಟ್ಟುಕೊಂಡು ಇವರ ಟ್ರಂಕನ್ನು ನಾನು ಈ ಮನೆಯಿಂದ ಎತ್ತುವುದಿಲ್ಲ.

೨೭ ಡಿಸೆಂಬರ್

೩೧೧, ೩೧೩, ೩೧೭. ಮೂರಕ್ಕೂ ಶೇಷ ಉಳಿಯಿತು. ಯಾವುದರಿಂದ ಭಾಗಿಸಬೇಕು ಎನ್ನುವುದಕ್ಕೆ ಬೀರುವಿನ ಬಾಗಿಲ ಒಳಗೆ ಇವರು ಅಂಟಿಸಿದ ದೊಡ್ಡ ಹಾಳೆಯಿದೆ. ಸಾಲಾಗಿ ಸಂಖ್ಯೆಗಳು, ಬೇಡದವಕ್ಕೆಲ್ಲ ಗೀಟು. ಸೀರೆ ತೆಗೆಯುವಾಗೆಲ್ಲ ಅದನ್ನು ನೋಡಿ ಬೈದಿದ್ದೇನೆ. ಈಗ ಸೀರೆ ತೆಗೆಯಲು ಹೋದವಳು ಬೀರುವಿನ ಮುಂದೆಯೇ ನಿಂತುಬಿಡುತ್ತೇನೆ.

೪ ಜನವರಿ ೧೯೯೯

ಹಳೆಯ ಡೈರಿಯಲ್ಲೇ ಬರೆಯುತ್ತಿದ್ದೇನೆ. ತಾರೀಕು ಹೊಡೆದು ಹಾಕಿದರಾಯಿತು.

೩೬೭ರಿಂದ ಭಾಗಿಸಿದೆ. ಸೊನ್ನೆ ಬಂತು.

ಸೊನ್ನೆ. ಏನೂ ಉಳಿಯಲಿಲ್ಲ. ಸಂಖ್ಯೆ ಒಡೆಯಿತು. ಇಷ್ಟು ವರ್ಷ ಇವರು ಕೂತದ್ದು ಒಡೆದ ಮಡಕೆಯ ಮುಂದೆಯೇ? ಹಾಳೆಯನ್ನು ಎದೆಗೆ ಹಿಡಿದುಕೊಂಡು ಅತ್ತೆ. ಬಾಯಿ ಬಿಟ್ಟು ಅತ್ತೆ. ಹೆಣ ಬಂದಾಗ ಬಾರದ ಅಳು ಈಗ ಬಂತು. ಮುಮ್ತಾಜ್ ಬಂಡಿ ಬಿಟ್ಟು ಓಡಿ ಬಂದಳು. ಪಕ್ಕದಲ್ಲಿ ಕೂತಳು. ಅವಳ ಸೆರಗಿಗೆ ಕಡಲೆಹಿಟ್ಟಿನ ವಾಸನೆ.

೫ ಜನವರಿ

ತಪ್ಪು ನನ್ನದೇ! ಕೊನೆಯ ಹತ್ತಿರ ಮೂರನ್ನು ಇಳಿಸಿಕೊಳ್ಳುವ ಕಡೆ ಎರಡನ್ನು ಇಳಿಸಿಕೊಂಡಿದ್ದೆ. ಬೆಳಿಗ್ಗೆ ಕಸ ಗುಡಿಸುವಾಗ ಕಣ್ಣಿಗೆ ಬಿತ್ತು. ಮತ್ತೆ ಮಾಡಿದೆ. ಭಾಗಲಬ್ಧ ೨೦೧೪೬೯, ಶೇಷ ೧೦. ಹತ್ತು ಉಳಿದಿದೆ. ಕಸಬರಿಗೆ ಹಿಡಿದುಕೊಂಡೇ ನಕ್ಕೆ. ನಮ್ಮ ಸಂಖ್ಯೆ ಒಡೆದಿಲ್ಲ.

೧೪ ಜನವರಿ

ಸಂಕ್ರಾಂತಿ. ಎಳ್ಳು ಬೆಲ್ಲ ಕೊಡಲು ಬಂದ ಹುಡುಗಿಯರು ನನ್ನ ಮನೆ ದಾಟಿ ಹೋದರು. ಸೂತಕದ ಮನೆ ಎಂದು ತಾಯಂದಿರು ಹೇಳಿರಬೇಕು. ೪೩೩, ೪೩೯.

೩೧ ಜನವರಿ

ಎದುರು ಮನೆಯ ನಾಗಲಿಂಗಮ್ಮನ ಮಗಳಿಗೆ ಇವತ್ತು ಕುಬುಸ. ಏಳು ತಿಂಗಳ ಬಸುರಿ. ನನ್ನನ್ನು ಕರೆಯಲಿಲ್ಲ. ಕರೆಯಬಾರದು, ನನಗೂ ಗೊತ್ತು. ಬಾಗಿಲು ಹಾಕಿಕೊಂಡು ಭಾಗಿಸುತ್ತ ಕೂತೆ. ಆದರೆ ಬಾಗಿಲು ಹಾಕಿದರೆ ಕಿವಿ ಮುಚ್ಚುತ್ತದೆಯೇ?

ಊಟ ಮುಗಿದ ಮೇಲೆ ಒಡಪು ಶುರುವಾಯಿತು. ಗಂಡನ ಹೆಸರನ್ನು ಹಾಗೇ ಬಾಯಲ್ಲಿ ಆಡಬಾರದೆಂದು ಒಬ್ಬೊಬ್ಬರೂ ಎರಡು ಸಾಲು ಪದ ಕಟ್ಟಿ ಅದರೊಳಗೆ ಹೆಸರು ಕೂಡಿಸಿ ಹೇಳುವುದು, ಹೇಳಿ ನಾಚುವುದು, ಉಳಿದವರು ಹೋ ಎನ್ನುವುದು. ಬಂಜೆ ಎಂದು ಉಡಿ ತುಂಬುವಾಗ ನನ್ನನ್ನು ಹಿಂದೆ ಸರಿಸುತ್ತಿದ್ದವರೂ ಒಡಪಿನ ಹೊತ್ತಿಗೆ ಮುಂದೆ ಎಳೆದು ಕೂರಿಸುತ್ತಿದ್ದರು. "ಗಂಗಕ್ಕ ಹೇಳಬೇಕು, ಗಂಗಕ್ಕನ ಬಾಯಾಗಿಂದ ಕೇಳಬೇಕು." ಪ್ರತಿ ಸಲ ಹೊಸದು ಕಟ್ಟುತ್ತಿದ್ದೆ. ಮನೆಗೆ ಬಂದು ಇವರಿಗೂ ಹೇಳುತ್ತಿದ್ದೆ. "ನನ್ನ ಹೆಸರಿಗೆ ಇಷ್ಟು ಪ್ರಾಸ ಅದಾವು ಅಂತ ನಮ್ಮಪ್ಪಗೂ ಗೊತ್ತಿರಲಿಲ್ಲ" ಎಂದು ನಗುತ್ತಿದ್ದರು.

ಇನ್ನು ನನ್ನನ್ನು ಯಾರೂ ಒಡಪು ಹೇಳು ಎನ್ನುವುದಿಲ್ಲ. ಇವರಿದ್ದಾಗ ನಾಚಿಕೆಗೆಂದು ಒಡಪಿನ ಹೊರಗೆ ಹೆಸರು ಹೇಳಲಿಲ್ಲ. ಈಗ ಹೇಳೆಂದು ಕೇಳುವವರಿಲ್ಲ. ಈ ಡೈರಿಯಲ್ಲಿ ಸಹ ಇವರು ಇವರು ಎಂದೇ ಬರೆದಿದ್ದೇನೆ. ಬರೆಯಲು ಕೈ ಬರುವುದಿಲ್ಲ.

ಭಾಗಾಕಾರ ಒಂದೂ ತಾಳೆಯಾಗಲಿಲ್ಲ ಇವತ್ತು.

೧೦ ಫೆಬ್ರುವರಿ

೬೦೧.

೧೬ ಫೆಬ್ರುವರಿ

ಹೋದ ಹಾಳೆಗಳೆಲ್ಲ ಮರಳಿ ಬಂದವು. ೬೯೧ ಮುಗಿಯಿತು. ಇವರ ಹಾಳೆಗಳ ನಡುವೆ ನನ್ನವನ್ನು ಇಟ್ಟೆ. ಇವರ ಅಕ್ಷರ ಮುತ್ತು, ನನ್ನದು ಕಾಗೆಕಾಲು. ಇರಲಿ, ಸಂಸಾರದಲ್ಲೂ ಹಾಗೇ ಇತ್ತು.

೨೧ ಫೆಬ್ರುವರಿ

ಅರುಣಕುಮಾರನಿಗೆ ಇಲಿಯ ಸುಳ್ಳು ಹೇಳಿದ್ದೆನಲ್ಲ, ನಿಜ ಹೇಳಿದೆ. ಅವನು ಬೈಯಲಿಲ್ಲ. ನನ್ನ ಹಾಳೆಗಳನ್ನು ತಾಳೆ ನೋಡುತ್ತ ನೋಡುತ್ತ ಅವನ ಕಣ್ಣು ತುಂಬಿತು. ಆಮೇಲೆ ಅವತ್ತು ನುಂಗಿಕೊಂಡ ಮಾತನ್ನು ಹೇಳಿದ.

"ಅಕ್ಕಾರ, ಈ ಸಂಖ್ಯಿ ಬಾಲ ಕತ್ತರಿಸಿದ್ರ ಉಳಿತೈತಿ ಅಂದೆ. ಇನ್ನೊಂದು ಹೇಳಿದ್ದಿಲ್ಲ. ಇದರ ಬಾಲಕ್ಕ ಇನ್ನೊಂದು ಅಂಕಿ ಬರದು ಬೆಳಸ್ತೀನಿ ಅಂದ್ರ ಆಗಂಗಿಲ್ಲ. ಯಾವ ಅಂಕಿ ಹಚ್ಚಿದ್ರೂ ಒಡಿತೈತಿ."

ನಂಬುತ್ತೇನೆಯೇ? ನೆಲದ ಮೇಲೆ ಬರೆದು ನೋಡಿದೆ. ಸೊನ್ನೆ, ಎರಡು, ನಾಲ್ಕು, ಆರು, ಎಂಟು ಹಚ್ಚಿದರೆ ಎರಡರಿಂದ ಹೋಗುತ್ತದೆ. ಐದು ಹಚ್ಚಿದರೆ ಐದರಿಂದ. ಒಂದೋ ಏಳೋ ಹಚ್ಚಿದರೆ ಅಂಕಿಗಳನ್ನು ಕೂಡಿಸಿ ನೋಡಿದಾಗ ಮೂರರಿಂದ ಹೋಗುತ್ತದೆ. ಉಳಿದದ್ದು ಮೂರು ಮತ್ತು ಒಂಬತ್ತು. ಅವೂ ಒಡೆಯುತ್ತವೆ ಎಂದು ಅವನು ತಾನೇ ಲೆಕ್ಕ ಹಾಕಿ ನೋಡಿದ್ದಾನಂತೆ.

"ಒಂದಿನ ಬಸ್ಸಿನಾಗ ಮೇಷ್ಟ್ರು ಇದನ್ನ ಹೇಳಿದ್ರು. 'ಏಳರಿಂದ ಹುಟ್ಟಿ ಬೆಳಕೋಂತ ಬೆಳಕೋಂತ ಇಲ್ಲಿಗೆ ಬಂದು ನಿಂತೈತಿ ಅರುಣ. ಇದಕ್ಕ ಮುಂದ ಸಂತಾನ ಇಲ್ಲ. ಹಂಗಂತ ಇದು ಕಡಿಮಿ ಆತೇನು? ಇದನ್ನ ಒಡಿಯೋ ಸಂಖ್ಯಿ ಹುಟ್ಟಿಲ್ಲ. ಇದನ್ನ ನಮ್ಮ ಗಂಗಾಗ ಹೇಳಬೇಕು' ಅಂದ್ರು. ಪುಸ್ತಕ ತೋರಿಸಿ ಹೇಳ್ರಿ ಸರ್ ಅಂದೆ. 'ಆಕಿ ಪುಸ್ತಕ ನಂಬಾಕಿ ಅಲ್ಲಪ. ಪುಸ್ತಕದಾಂವ ಭಾಗಿಸಿ ನೋಡ್ಯಾನೇನು ಅಂತಾಳ. ನನ್ನ ಕೈಲೆ ಪೂರಾ ಖಾತ್ರಿ ಮಾಡ್ಕೊಂಡ ಮ್ಯಾಲೆ ಹೇಳ್ತೀನಿ' ಅಂತ ನಕ್ರು."

ಅವನು ಯಾವಾಗ ಹೋದನೋ ಗೊತ್ತಾಗಲಿಲ್ಲ. ಒಲೆ ಹಚ್ಚಲಿಲ್ಲ.

ನನಗಾಗಿ ಕೂತಿದ್ದರು. ನಾನು ಅಡುಗೆ ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ, ಅವರು ಪಡಸಾಲೆಯಲ್ಲಿ ನನಗಾಗಿ ಭಾಗಿಸುತ್ತಿದ್ದರು. ನಡುವೆ ಇದ್ದದ್ದು ಒಂದು ಹೊಸ್ತಿಲು. ಒಂದು ದಿನ, ಒಂದೇ ಒಂದು ದಿನ ಹೋಗಿ ಪಕ್ಕದಲ್ಲಿ ಕೂತು ಇದೇನ್ರಿ ಎಂದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇವರಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಖಾತ್ರಿಯಂತೆ ಖಾತ್ರಿ! ನೀವು ಹೇಳಿದ್ದರೆ ನಾನು ನಂಬುತ್ತಿದ್ದೆನ್ರಿ. ಪುಸ್ತಕ ನಂಬದಿದ್ದರೂ ನಿಮ್ಮನ್ನು ನಂಬುತ್ತಿದ್ದೆ.

೨೮ ಫೆಬ್ರುವರಿ

ಬರೆಯಲು ಮನಸ್ಸಿಲ್ಲ.

೭ ಮಾರ್ಚ್

ಪಾಲಣ್ಣ ಹೇಳದೆ ಕೇಳದೆ ಬಂದ. ಹತ್ತು ದಿನ ಮುಂಚೆಯೇ ಸಾಮಾನು ಕಟ್ಟಿಸುವ ಆತುರ. ಟ್ರಂಕು ಎತ್ತಿ ನೋಡಿ, "ಅಕ್ಕಾ, ಈ ರದ್ದಿ ಯಾಕ ಹೊರಬೇಕು? ಯಾರಿಗರ ಕೊಟ್ಟು ಹೋಗೋಣ" ಎಂದ.

"ಕೈ ತಗಿ ಲೇ!"

ನಾನು ಕೂಗಿದ ರಭಸಕ್ಕೆ ಅವನು ಟ್ರಂಕು ಬಿಟ್ಟ. ಆಮೇಲೆ ಮೆತ್ತಗೆ, "ಇದನ್ನ ಮುಗಿಸಿದ್ರ ಏನ್ ಸಿಗತೈತಿ ಅಕ್ಕಾ?" ಎಂದು ಕೇಳಿದ.

"ಏನೂ ಸಿಗಂಗಿಲ್ಲ. ಇನ್ನೂ ನಾಲ್ಕು ಅದಾವು. ಮುಗಿಸಿ ಬರ್ತೀನಿ. ಹಬ್ಬದ ಹಿಂದಿನ ದಿನ ಬಾ."

ಹೋಗುವಾಗ ಅಂಗಡಿಯಿಂದ ಒಂದು ದಸ್ತು ಬಿಳಿ ಹಾಳೆ ತಂದಿಟ್ಟು ಹೋದ. ನಾಲ್ಕು ಲೆಕ್ಕಕ್ಕೆ ಒಂದು ದಸ್ತು, ಹುಚ್ಚಪ್ಪ.

೧೩ ಮಾರ್ಚ್

೮೫೬೩, ಶೇಷ ೬೧೯೧. ೮೫೭೩, ಶೇಷ ೫೫೮೧. ೮೫೮೧, ಶೇಷ ೫೨೩೭.

ಇನ್ನೊಂದು ಉಳಿದಿದೆ. ನಾಲ್ಕು ಅಂಕಿಗಳಿಂದ ಭಾಗಿಸುವುದು ಈಗ ನೀರು ಕುಡಿದಷ್ಟು ಸಲೀಸು, ಆದರೆ ಕೂರಲಾರೆ. ಇದು ಮುಗಿದರೆ ಇವರ ಕೆಲಸ ಮುಗಿಯಿತು. ಇವರ ಕೆಲಸ ಮುಗಿದರೆ ಇವರು ಹೋದಂತೆಯೇ. ಪೆನ್ನು ಹಿಡಿದವಳು ಎದ್ದು ಹೋಗಿ ತೊಳೆದ ಪಾತ್ರೆ ಮತ್ತೆ ತೊಳೆದೆ.

೧೫ ಮಾರ್ಚ್

ಇವತ್ತೂ ಆಗಲಿಲ್ಲ.

೧೬ ಮಾರ್ಚ್

ಸಾಮಾನೆಲ್ಲ ಕಟ್ಟಿದೆ. ನಾಳೆ ಪಾಲಣ್ಣ ಬರುತ್ತಾನೆ. ಬೀರುವಿನ ಬಾಗಿಲ ಹಾಳೆಯನ್ನು ಹರಿಯದ ಹಾಗೆ ನೀರು ಹಚ್ಚಿ ಬಿಡಿಸಿದೆ. ಸಂಜೆ ಎರಡು ಲೋಟ ಚಹಾ ಮಾಡಿದೆ. ಇವರು ಕೂರುತ್ತಿದ್ದ ಕಡೆಯೇ ಚಾಪೆ ಹಾಸಿ ಕೂತೆ.

೮೫೯೭ರಿಂದ ೭೩೯೩೯೧೩೩. ಎಂಟು ಸಲ, ಆರು ಸಲ, ಸೊನ್ನೆ, ಸೊನ್ನೆ. ಭಾಗಲಬ್ಧ ೮೬೦೦. ಶೇಷ ೪೯೩೩. ತಾಳೆ ನೋಡಿದೆ. ಮತ್ತೊಮ್ಮೆ ನೋಡಿದೆ. ಕೆಂಪು ಸುತ್ತು ಹಾಕಿದೆ.

ಒಡೆಯಲಿಲ್ಲ. ಖಾತ್ರಿಯಾಯಿತು. ಈಗ ಹೇಳ್ರಿ ಎಂದೆ.

ಅಷ್ಟರಲ್ಲಿ ಮುಮ್ತಾಜ್ ಬಂದಳು, ನಾಳೆ ಹೊರಡುತ್ತೇನಲ್ಲ ಎಂದು ಬಿಸಿ ಮಿರ್ಚಿ ಕಟ್ಟಿಕೊಂಡು. ಎರಡನೆಯ ಲೋಟದ ಚಹಾ ಅವಳಿಗೆ ಕೊಟ್ಟೆ. ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಮುಗೀತೇನ್ರಿ?" ಎಂದಳು. ಮುಗಿಯಿತು ಎಂದೆ.

"ಅಕ್ಕಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನಿಂದ ಮೇಷ್ಟ್ರ ಹಾಳಿ ಹಾಳಾದ್ವು. ಅವತ್ತಿಂದ ಅವರಿಗೆ ದುವಾ ಮಾಡಬೇಕಂತೀನಿ. ದುವಾಕ್ಕ ಹೆಸರು ಬೇಕಲ್ರಿ? ಇಷ್ಟು ವರ್ಷ ಮೇಷ್ಟ್ರು ಮೇಷ್ಟ್ರು ಅಂದದ್ದ ಆತು. ಮೇಷ್ಟ್ರ ಹೆಸರೇನ್ರಿ?"

ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನನ್ನನ್ನೇ ಕೇಳಿದಳು. ರೂಢಿಯ ಬಾಯಿ, ಪದ ತಾನೇ ಬಂತು.

"ಸಾವಿರ ಸಲ ಭಾಗಿಸಿದ್ರೂ ಉಳಿದೇ ಉಳೀತು ಶೇಷ,
ನನ್ನ ಉಳಿಸಿ ತಾವು ಹ್ವಾದ್ರು ರಾಯ ಗವಿಸಿದ್ದೇಶ."

ಹೋ ಎನ್ನುವವರು ಯಾರೂ ಇರಲಿಲ್ಲ. ಮುಮ್ತಾಜ್ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಸರಿಯಾಗಿ ಕೇಳಸಲಿಲ್ರಿ ಅಕ್ಕಾ, ಇನ್ನೊಮ್ಮೆ ಹೇಳ್ರಿ" ಎಂದಳು.

ಇನ್ನೊಮ್ಮೆ ಹೇಳಿದೆ. ಈ ಸಲ ಬರೀ ಹೆಸರು.